ಮಲಗಿದ ಮಕ್ಕಳನ್ನು ಎಬ್ಬಿಸುವ ಪುಟ್ಟಲಕ್ಷ್ಮಿ

ಬೆಳಗಿನ ಐದು ಗಂಟೆ ಮೂವತ್ತೈದು ನಿಮಿಷ. ಕುರುಬರಹಳ್ಳಿಯ ಒಂದು ಮೂರನೇ ಮಹಡಿಯ ಮನೆಯ ಬಾಗಿಲು ತೆರೆದೇ ಇದೆ. ಪುಟ್ಟಲಕ್ಷ್ಮಿ ಚಪ್ಪಲಿ ಬಿಡುತ್ತಾರೆ, ಹೆಲ್ಮೆಟ್ ತೆಗೆಯುವುದನ್ನು ಮರೆತು ಒಳಗೆ ಹೋಗುತ್ತಾರೆ. ಹೆಗಲ ಚೀಲದಲ್ಲಿ ಸೂಜಿ, ಸಿರಿಂಜು, ಬಣ್ಣದ ಮುಚ್ಚಳಗಳ ಟ್ಯೂಬು, ಐಸ್ ಡಬ್ಬಿ ಎಲ್ಲ ಇವೆ. ಮೊದಲಿಗೆ ಯಾವುದನ್ನೂ ಹೊರತೆಗೆಯುವುದಿಲ್ಲ. ಮಂಚದ ಮೇಲೆ ಏಳು ವರ್ಷದ ನಿಖಿತಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ.

“ಕೊನೇ ಸಲ ಹೊಟ್ಟೇಲಿ ನಿಂತಿದ್ದು ಯಾವಾಗ?” ಎಂದು ಕೇಳುತ್ತಾರೆ. ತಿಂದದ್ದು ಯಾವಾಗ ಎಂದಲ್ಲ, ನಿಂತದ್ದು ಯಾವಾಗ ಎಂದು.

ತಾಯಿ ರಕ್ಷಾ ರಾತ್ರಿಯಿಡೀ ಇದಕ್ಕೇ ಉತ್ತರ ಸಿದ್ಧ ಮಾಡಿಕೊಂಡವರಂತೆ ಒಂದೇ ಉಸಿರಿಗೆ ಹೇಳುತ್ತಾರೆ. “ನಿನ್ನೆ ಮಧ್ಯಾಹ್ನ ಒಂದು ಗಂಟೆಗೆ ಅನ್ನ ತಿಂದಳಲ್ಲ, ಅದು ನಿಂತಿದೆ. ಸಂಜೆ ಜ್ವರ ಬಂತು. ಏಳಕ್ಕೆ ರಸಂ ಅನ್ನ ಎರಡು ತುತ್ತು, ಒಂಬತ್ತಕ್ಕೆ ವಾಂತಿ. ಆಮೇಲೆ ಸಕ್ಕರೆ ನೀರು ಚಮಚದಲ್ಲಿ ಕೊಡ್ತಾನೇ ಇದ್ದೆ. ಮೂರೂವರೆಗೆ ಅದೂ ಬಂತು. ಈಗ ಮಲಗಿದಾಳೆ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ.”

ಪುಟ್ಟಲಕ್ಷ್ಮಿ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತ ಗಂಟೆ ಎಣಿಸುತ್ತಾರೆ. ಹದಿನಾರು ದಾಟಿದೆ. ಮಗುವಿನ ಭುಜ ಹಿಡಿದು ಅಲುಗಿಸುತ್ತಾರೆ. “ನಿಖಿ, ಏಳು ಪುಟ್ಟಾ. ಯಾರು ಬಂದಿದಾರೆ ನೋಡು.” ಕಣ್ಣು ತೆರೆಯುತ್ತದೆ, ಗುರುತು ಹಿಡಿಯುತ್ತದೆ, “ಹ್ಞೂಂ” ಎನ್ನುತ್ತದೆ, ಮತ್ತೆ ಮುಚ್ಚುತ್ತದೆ. ಬೆರಳ ತುದಿಯಿಂದ ಒಂದು ಹನಿ ರಕ್ತ. ಸಕ್ಕರೆ ಅಳೆಯುವ ಅಂಗೈಯಗಲದ ಯಂತ್ರ ಐದು ಸೆಕೆಂಡು ಯೋಚಿಸಿ ಅಂಕಿ ತೋರಿಸುತ್ತದೆ: ಎಂಬತ್ತನಾಲ್ಕು.

ಬಾಗಿಲಿಗೆ ಒರಗಿ ನಿಂತಿದ್ದ ತಂದೆ ಗಿರಿರಾಜ್ ಉಸಿರು ಬಿಡುತ್ತಾರೆ. “ಎಂಬತ್ನಾಲ್ಕು. ನಾರ್ಮಲ್ ಅಲ್ವಾ ಮೇಡಂ? ಸದ್ಯ.”

“ಹೊರಡಿ ಸಾರ್,” ಎನ್ನುತ್ತಾರೆ ಪುಟ್ಟಲಕ್ಷ್ಮಿ. “ಆಸ್ಪತ್ರೆಗೆ. ಈಗಲೇ.”

ಅಂಕಿ ಸರಿಯಾಗಿದೆ ಎಂದು ಒಬ್ಬರಿಗೆ ಸಮಾಧಾನ. ಅದೇ ಅಂಕಿ ಕಂಡು ಇನ್ನೊಬ್ಬರಿಗೆ ಅವಸರ. ಈ ಎರಡು ಮಾತುಗಳ ನಡುವೆ ಇರುವ ಭಯ ತಿಳಿಯಬೇಕಾದರೆ ಪುಟ್ಟಲಕ್ಷ್ಮಿ ಯಾರು, ಈ ಮಗುವಿನ ಮೈಯಲ್ಲಿ ಯಾವುದು ಇಲ್ಲ ಎಂಬುದು ತಿಳಿಯಬೇಕು.

ಪುಟ್ಟಲಕ್ಷ್ಮಿಗೆ ನಲವತ್ತಾರು ವರ್ಷ. ಬಸವೇಶ್ವರನಗರದ ಒಂದು ಸಣ್ಣ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರುವ ಕೆಲಸ. ಹುಟ್ಟಿದ್ದು ಬಿನ್ನಿಪೇಟೆಯಲ್ಲಿ, ತಂದೆ ಮಿಲ್ಲಿನ ಕಾರ್ಮಿಕ. ಪಿಯುಸಿ ಮುಗಿಸಿ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮಾಡಿದರು. ಈಗ ಮನೆ ಬಾಪೂಜಿ ನಗರದಲ್ಲಿ. ಐದೂ ಕಾಲಿಗೆ ಸ್ಕೂಟರ್ ಹೊರಡಿಸಿದರೆ ಒಂಬತ್ತೂವರೆಯೊಳಗೆ ಹದಿನಾಲ್ಕೋ ಹದಿನೈದೋ ಮನೆ. ವಿಜಯನಗರ, ರಾಜಾಜಿನಗರ, ಕುರುಬರಹಳ್ಳಿ, ಮತ್ತೆ ಬಸವೇಶ್ವರನಗರ. ದಿನಕ್ಕೆ ಮೂವತ್ತೆಂಟು ಕಿಲೋಮೀಟರ್. ಸಕ್ಕರೆಗೆ ಬೂದು ಮುಚ್ಚಳದ ಟ್ಯೂಬು, ಕೊಬ್ಬಿನ ಪರೀಕ್ಷೆಗೆ ಕೆಂಪು, ರಕ್ತಕಣಗಳ ಎಣಿಕೆಗೆ ನೇರಳೆ. ಕೈ ಇವನ್ನು ನೋಡದೆಯೇ ಹೆಕ್ಕುತ್ತದೆ.

“ನಾನು ನೋಡೋರೆಲ್ಲ ಹಸಿದೋರೇ,” ಎನ್ನುತ್ತಾರೆ. “ರಾತ್ರಿಯಿಂದ ಏನೂ ತಿಂದಿರಲ್ಲ, ಕಾಫಿ ಕುಡಿದಿರಲ್ಲ, ಒಬ್ಬೊಬ್ರು ಬಾಗಿಲು ತೆಗೆದ ತಕ್ಷಣ ಬೈತಾರೆ. ‘ಐದು ನಿಮಿಷ ಲೇಟು ಕಣಮ್ಮ, ತಲೆ ಸುತ್ತುತ್ತಾ ಇದೆ’ ಅಂತ. ಸೂಜಿ ಚುಚ್ಚಿದ್ದಕ್ಕೆ ಯಾರೂ ಬೈಯಲ್ಲ. ಕಾಫಿ ತಪ್ಪಿಸಿದ್ದಕ್ಕೆ ಬೈತಾರೆ.”

ಈ ಕೆಲಸಕ್ಕೆ ಒಂದು ಹಬ್ಬದ ಲೆಕ್ಕವೂ ಇದೆ. ಲ್ಯಾಬಿನ ಮಾಲೀಕ ಪುರುಷೋತ್ತಮ ಅದನ್ನು ನಗುತ್ತಲೇ ವಿವರಿಸುತ್ತಾರೆ. “ಶಿವರಾತ್ರಿ ಮಾರನೇ ದಿನ, ವೈಕುಂಠ ಏಕಾದಶಿ ಮಾರನೇ ದಿನ ನಮಗೆ ಸೀಸನ್ನು. ಹೇಗೂ ಉಪವಾಸ ಇದ್ದೀವಲ್ಲ, ಅದರಲ್ಲೇ ರಕ್ತಾನೂ ಕೊಟ್ಟುಬಿಡೋಣ ಅಂತಾರೆ. ಎರಡೆರಡು ಸಲ ಯಾಕೆ ಹೊಟ್ಟೆ ಕಟ್ಟೋದು? ಆ ದಿನ ನಮ್ಮ ಹುಡುಗೀರು ಒಬ್ಬೊಬ್ರಿಗೆ ಇಪ್ಪತ್ತೈದು ಮನೆ.”

ಎರಡು ವರ್ಷದ ಹಿಂದಿನ ಶಿವರಾತ್ರಿಯ ಮಾರನೇ ಬೆಳಗ್ಗೆ ಪುಟ್ಟಲಕ್ಷ್ಮಿಯ ಪಟ್ಟಿಯಲ್ಲಿ ಇಪ್ಪತ್ತಾರು ಮನೆ ಇದ್ದವು. ಆರನೆಯದು ಈ ಕುರುಬರಹಳ್ಳಿಯ ಮನೆ. ಪರೀಕ್ಷೆ ಬುಕ್ ಮಾಡಿಸಿದ್ದವರು ನಿಖಿತಾಳ ಅಜ್ಜಿ ಬಸವರಾಜೇಶ್ವರಿ. ಕೊಟ್ಟೂರಿನ ಕಡೆಯಿಂದ ಮಗನ ಜೊತೆ ಇಲ್ಲಿಗೆ ಬಂದು ಹನ್ನೆರಡು ವರ್ಷ. ಮೂವರ ಹೆಸರು ಕೊಟ್ಟಿದ್ದರು: ತಾವು, ಮಗ, ಸೊಸೆ. ಐದು ವರ್ಷದ ಮೊಮ್ಮಗಳು ಪಟ್ಟಿಯಲ್ಲಿ ಇರಲಿಲ್ಲ. ಆದರೆ ಉಪವಾಸದಲ್ಲಿ ಇದ್ದಳು. ಅಜ್ಜಿಯ ಪಕ್ಕದಲ್ಲಿ ಪೂಜೆಗೆ ಕೂತು, ನಾನೂ ಇರ್ತೀನಿ ಎಂದು ಹಟ ಮಾಡಿದ್ದಳು. ಮಧ್ಯಾಹ್ನ ಒಂದು ಬಾಳೆಹಣ್ಣು ತಿಂದವಳು ಆಮೇಲೆ ಹಾಲನ್ನೂ ಬೇಡ ಎಂದಿದ್ದಳು. ಜಾಗರಣೆಯಲ್ಲಿ ರಾತ್ರಿ ಎರಡರವರೆಗೆ ಎದ್ದಿದ್ದಳು.

ಅಜ್ಜಿ ಅಂದು ಆಡಿದ ಮಾತನ್ನು ಇಂದು ತಾವೇ ಹೇಳುತ್ತಾರೆ. “ಓಣಿ ಮಂದಿಗೆಲ್ಲ ಹೇಳಿದ್ನ್ರಿ. ನಮ್ಮ ಹುಡುಗಿ ನೋಡ್ರಿ, ದೊಡ್ಡವ್ರಂಗ ಒಪ್ಪತ್ತು ಹಿಡದಾಳ ಅಂತ. ಹಿಂಗ ಆಡಿದ ಬಾಯಿ ಇದು.” ಈ ಲೇಖನದಲ್ಲಿ ಹೆಸರು ಬದಲಿಸಬಹುದು ಎಂದಾಗ ಅವರೇ ಬೇಡವೆಂದರು. “ನಮ್ಮ ಹೆಸರೇ ಹಾಕ್ರಿ. ನಾಕು ಮಂದಿಗೆ ಗೊತ್ತಾಗ್ಲಿ.”

ಅಂದು ಪುಟ್ಟಲಕ್ಷ್ಮಿ ಮೂವರ ರಕ್ತ ತೆಗೆದರು. ಹಾಲ್‌ನಲ್ಲಿ ಚಾಪೆಯ ಮೇಲೆ ಹೊಸ ಲಂಗ ಉಟ್ಟೇ ಮಲಗಿದ್ದ ಹುಡುಗಿಯ ಹಣೆಯಲ್ಲಿ ಬೆವರಿತ್ತು. ಚಳಿ ಇನ್ನೂ ಪೂರ್ತಿ ಹೋಗಿರದ ಬೆಳಗು, ಫ್ಯಾನು ಹಾಕಿರಲಿಲ್ಲ. ಮಗು ಯಾಕೆ ಹೀಗೆ ಬೆವರಿದೆ ಎಂದು ಕೇಳಿದರು. ರಾತ್ರಿಯೆಲ್ಲ ಎದ್ದಿದ್ದಳು, ಮಲಗಲಿ ಬಿಡಿ ಎಂದರು ಮನೆಯವರು. ಇನ್ನೂ ಇಪ್ಪತ್ತು ಮನೆ ಬಾಕಿ. ಪುಟ್ಟಲಕ್ಷ್ಮಿ ಚೀಲ ಮುಚ್ಚಿ ಹೊರಟರು.

“ಎರಡನೇ ಮಹಡಿವರೆಗೂ ಇಳಿದಿದ್ದೆ,” ಎಂದು ನೆನೆಯುತ್ತಾರೆ. ಈ ಭಾಗ ಹೇಳುವಾಗ ಅವರ ದನಿ ಸಣ್ಣದಾಗುತ್ತದೆ. “ಉಪವಾಸ ಇದ್ದೋರ ಉಸಿರಿಗೆ ಒಂದು ವಾಸನೆ ಇರತ್ತೆ. ಹಣ್ಣು ಕೊಳೆಯೋಕೆ ಶುರುವಾದಂಗೆ, ಉಗುರುಬಣ್ಣ ಅಳಿಸೋ ನೀರಿನಂಗೆ. ಆ ಅಜ್ಜಿ ಮಾತಾಡಿದ್ರೆ ಅಷ್ಟು ದೂರಕ್ಕೆ ಬರ್ತಾ ಇತ್ತು. ಮಗು ಪಕ್ಕದಲ್ಲೇ ಕೂತು ಟ್ಯೂಬಿಗೆ ಹೆಸರು ಬರೆದಿದ್ನಲ್ಲ, ಅದರ ಉಸಿರಲ್ಲಿ ಏನೂ ಇರ್ಲಿಲ್ಲ. ಅದೂ ಉಪವಾಸ ಅಂದ್ರಲ್ಲ, ಮತ್ತೆ ಯಾಕಿಲ್ಲ? ಅದರ ಅರ್ಥ ಆಗ ನನಗೆ ಗೊತ್ತಿರ್ಲಿಲ್ಲ. ಕಾಲು ಮಾತ್ರ ಮುಂದಕ್ಕೆ ಹೋಗ್ಲಿಲ್ಲ.”

ವಾಪಸ್ಸು ಹತ್ತಿದರು. ಕರೆದರೂ, ಅಲುಗಿಸಿದರೂ ಮಗು ಏಳಲಿಲ್ಲ. ಬೆರಳಿಗೆ ಚುಚ್ಚಿದಾಗ ಕೈ ಎಳೆದುಕೊಳ್ಳಲೂ ಇಲ್ಲ. ಯಂತ್ರ ಮೂವತ್ತೊಂದು ತೋರಿಸಿತು. ಅಜ್ಜಿ ಸಕ್ಕರೆ ನೀರು ಬಾಯಿಗೆ ಹಾಕಲು ಬಂದಾಗ ಪುಟ್ಟಲಕ್ಷ್ಮಿ ಲೋಟವನ್ನು ಕಿತ್ತುಕೊಂಡರು. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಕೆಳಮನೆಯವರ ಕಾರಿನಲ್ಲಿ ಆಸ್ಪತ್ರೆ ಸೇರಿದರು. ಡ್ಯೂಟಿ ಡಾಕ್ಟರಿಗೆ ಆ ವಾಸನೆಯ ವಿಷಯವನ್ನೂ ಹೇಳಿದರು. ಅವರು ಒಮ್ಮೆ ಇವರ ಮುಖ ನೋಡಿ ಉಪವಾಸದಲ್ಲಿ ದೇಹ ತಯಾರಿಸುವ ಕೀಟೋನ್ ಮೂತ್ರದಲ್ಲಿ ಎಷ್ಟಿದೆ ಎಂಬ ಪರೀಕ್ಷೆಗೆ ಬರೆದರು. ಇರಬೇಕಾದಷ್ಟರಲ್ಲಿ ಕಾಲು ಪಾಲೂ ಇರಲಿಲ್ಲ. ರೋಗದ ಹೆಸರು ಸಿಕ್ಕಿದ್ದು ಮೂರು ವಾರದ ನಂತರ, ಆದರೆ ಹುಡುಕಾಟ ಶುರುವಾದದ್ದು ಅಲ್ಲಿಂದ.

ಏನಾಗಿತ್ತು ಎಂಬುದು ಸರಳವಾಗಿಯೇ ಹೇಳಬಹುದಾದ ಸಂಗತಿ. ನಾವು ಊಟ ಬಿಟ್ಟರೆ ಮೊದಲು ಯಕೃತ್ತು ಕೂಡಿಟ್ಟ ಸಕ್ಕರೆ ಖರ್ಚಾಗುತ್ತದೆ. ದೊಡ್ಡವರಿಗೆ ಅದು ಒಂದು ರಾತ್ರಿಗೆ ಸಾಕು, ಮಕ್ಕಳಲ್ಲಿ ಇನ್ನೂ ಬೇಗ ಮುಗಿಯುತ್ತದೆ. ಆಮೇಲೆ ದೇಹ ಕೊಬ್ಬಿಗೆ ಕೈ ಹಾಕುತ್ತದೆ. ಕೊಬ್ಬು ಒಡೆದಾಗ ಸಿಗುವ ಆಮ್ಲ ಒಂದು ಉದ್ದನೆಯ ಸರ. ಸಾಮಾನ್ಯವಾಗಿ ಹದಿನಾರೋ ಹದಿನೆಂಟೋ ಇಂಗಾಲದ ಮಣಿಗಳು. ಜೀವಕೋಶದ ಒಳಗಿನ ಮೈಟೊಕಾಂಡ್ರಿಯಾ ಎಂಬ ಒಲೆಗೆ ಈ ಸರವನ್ನು ಇಡಿಯಾಗಿ ಹಾಕಿ ಉರಿಸಲು ಬರುವುದಿಲ್ಲ. ಎರಡೆರಡು ಮಣಿಯಾಗಿ ಕತ್ತರಿಸಬೇಕು. ಕತ್ತರಿಸುವುದು ಕಿಣ್ವಗಳ ಕೆಲಸ. ಪ್ರತಿಯೊಂದು ತುಂಡಿಗೂ ನಾಲ್ಕು ಕಿಣ್ವಗಳು ಒಂದರ ನಂತರ ಒಂದು ಕೈ ಹಚ್ಚುತ್ತವೆ. ಹೀಗೆ ಬಿಡಿಸಿದ ತುಂಡುಗಳಲ್ಲಿ ಕೆಲವು ಉರಿದು ಶಕ್ತಿಯಾಗುತ್ತವೆ. ಕೆಲವನ್ನು ಯಕೃತ್ತು ಕೀಟೋನ್‌ಗಳಾಗಿ ಮಾಡಿ ಮೆದುಳಿಗೆ ಕಳಿಸುತ್ತದೆ. ಮೆದುಳು ಕೊಬ್ಬನ್ನು ನೇರವಾಗಿ ಬಳಸಲಾರದು, ಕೀಟೋನ್ ಬಳಸಬಲ್ಲದು. ಉಪವಾಸ ಇರುವವರ ಉಸಿರಿನ ವಾಸನೆ ಅದರದೇ.

ನಾಲ್ಕು ಕಿಣ್ವಗಳಲ್ಲಿ ಮೊದಲನೆಯದು ಸರದ ಉದ್ದಕ್ಕೆ ತಕ್ಕಂತೆ ಬೇರೆಬೇರೆ. ಉದ್ದ ಸರಕ್ಕೆ ಒಂದು, ನಡುವಿನ ಉದ್ದಕ್ಕೆ ಇನ್ನೊಂದು, ಗಿಡ್ಡ ಸರಕ್ಕೆ ಮತ್ತೊಂದು. ನಿಖಿತಾಳ ಜೀವಕೋಶಗಳಲ್ಲಿ ನಡುವಿನದು ಇಲ್ಲ, ಅಥವಾ ಇದ್ದರೂ ಕೆಲಸ ಮಾಡುವುದಿಲ್ಲ. ಹದಿನಾರು ಮಣಿಯ ಸರ ಹತ್ತಕ್ಕೋ ಎಂಟಕ್ಕೋ ಬಂದು ನಿಂತುಬಿಡುತ್ತದೆ. ಕೀಟೋನ್ ಹುಟ್ಟುವುದು ತೀರಾ ಕಡಿಮೆ. ಯಕೃತ್ತಿಗೆ ಹೊಸ ಸಕ್ಕರೆ ತಯಾರಿಸುವ ಕಸುವೂ ಉಳಿಯುವುದಿಲ್ಲ. ಅರ್ಧ ಕತ್ತರಿಸಿದ ತುಂಡುಗಳು ರಕ್ತದಲ್ಲಿ ಕೂಡುತ್ತ ಹೋಗುತ್ತವೆ, ಅವುಗಳಿಂದಲೂ ಹಾನಿ ಇದೆ.

ಊಟ ಹೊತ್ತುಹೊತ್ತಿಗೆ ನಡೆಯುತ್ತಿದ್ದರೆ ಈ ಕೊರತೆ ಇದೆ ಎಂದು ಯಾರಿಗೂ ತಿಳಿಯುವುದಿಲ್ಲ. ಮಗು ಓಡುತ್ತದೆ, ಓದುತ್ತದೆ, ಜಗಳವಾಡುತ್ತದೆ. ನಿಖಿತಾಳಿಗೆ ದಿನದ ಔಷಧಿ ಎಂದರೆ ಊಟವೇ. ಆರೋಗ್ಯವಾಗಿದ್ದಾಗ ರಾತ್ರಿ ಊಟದಿಂದ ಬೆಳಗಿನ ತಿಂಡಿಯವರೆಗೆ ಹತ್ತು ಗಂಟೆ ಮೀರಬಾರದು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಜ್ವರವೋ ವಾಂತಿಯೋ ಬಂದರೆ ಆ ಹತ್ತೂ ಇಲ್ಲ.

ಮನೆಯಲ್ಲಿ ಇದಕ್ಕೂ ಹಿಂದಿನ ಒಂದು ಸಾವಿದೆ. ನಿಖಿತಾ ಹುಟ್ಟುವ ಮೊದಲು ರಕ್ಷಾಗೆ ಒಂದು ಗಂಡುಮಗುವಿತ್ತು. ಹನ್ನೊಂದು ತಿಂಗಳಿದ್ದಾಗ ಭೇದಿ ಆಗಿ, ರಾತ್ರಿ ಹಾಲು ಬೇಡವೆಂದು ಮಲಗಿದ ಮಗು ಬೆಳಗ್ಗೆ ಏಳಲಿಲ್ಲ. ಅದಕ್ಕೆ ಕಾರಣ ಯಾರಿಗೂ ಗೊತ್ತಾಗಿರಲಿಲ್ಲ. ಗಿರಿರಾಜ್ ಮತ್ತು ರಕ್ಷಾ ಸೋದರತ್ತೆ, ಸೋದರಮಾವನ ಮಕ್ಕಳು. ಒಂದೇ ಮನೆತನದ ಒಂದೇ ಕೊರತೆಯ ಅರ್ಧರ್ಧ ಇಬ್ಬರಲ್ಲೂ ಇತ್ತು. ಎರಡೂ ಅರ್ಧ ಸೇರಿದ ಮಗುವಿಗೆ ಮಾತ್ರ ರೋಗ. ನಿಖಿತಾಳ ವರದಿ ಬಂದ ದಿನ ಡಾಕ್ಟರು ಮೊದಲ ಮಗುವಿನ ಬಗ್ಗೆಯೂ ಕೇಳಿದರು. ಅದಕ್ಕೂ ಇದೇ ಇದ್ದಿರಬಹುದು, ಈಗ ಖಚಿತವಾಗಿ ಹೇಳಲಾಗದು ಎಂದರು. “ಅವತ್ತಿಂದ ನಿದ್ದೆ ಅನ್ನೋ ಪದಾನೇ ನನಗೆ ಆಗಲ್ಲ,” ಎನ್ನುತ್ತಾರೆ ರಕ್ಷಾ.

ಪುಟ್ಟಲಕ್ಷ್ಮಿಗೂ ಆಗುವುದಿಲ್ಲ. ಆ ಶಿವರಾತ್ರಿಯಿಂದ ಅವರು ತಮ್ಮಷ್ಟಕ್ಕೆ ಒಂದು ನಿಯಮ ಮಾಡಿಕೊಂಡಿದ್ದಾರೆ. ಯಾವ ಮನೆಗೆ ಹೋದರೂ ಚಿಕ್ಕ ಮಕ್ಕಳಿದ್ದಾರಾ ಎಂದು ಕೇಳುತ್ತಾರೆ. ಮಲಗಿದ್ದರೆ ಒಮ್ಮೆ ಎಬ್ಬಿಸಿ ಎನ್ನುತ್ತಾರೆ. ಆರು ಗಂಟೆಯ ಚಳಿಯಲ್ಲಿ ಕಣ್ಣುಜ್ಜುತ್ತ ಬಂದು ನಿಲ್ಲುವ ಮಕ್ಕಳನ್ನು ನೋಡಿ, ಸರಿ, ಮಲಗು ಹೋಗು ಎಂದು ಕಳಿಸುತ್ತಾರೆ. ಇದನ್ನು ಎಲ್ಲರೂ ಸಹಿಸುವುದಿಲ್ಲ. ಲ್ಯಾಬಿಗೆ ಈವರೆಗೆ ಹನ್ನೊಂದು ದೂರು ಬಂದಿವೆ.

“ಒಬ್ರು ಫೋನ್ ಮಾಡಿ, ಆ ಮೇಡಮ್ಮು ರಕ್ತಕ್ಕೆ ಬರ್ತಾರೋ ಹಾಜರಿ ತಗೊಳ್ಳೋಕೆ ಬರ್ತಾರೋ ಅಂದ್ರು,” ಎನ್ನುತ್ತಾರೆ ಪುರುಷೋತ್ತಮ. “ನಾನೂ ಹೇಳಿದೆ, ಪುಟ್ಟಲಕ್ಷ್ಮೀ, ಈ ಕಾಯಿಲೆ ಸಾವಿರಾರು ಮಕ್ಕಳಲ್ಲಿ ಒಬ್ರಿಗೆ ಬರೋದು, ಮತ್ತೆ ನಿನ್ನ ಕಣ್ಣಿಗೇ ಬೀಳತ್ತಾ ಅಂತ. ಅವಳು ಏನಂದ್ಲು ಗೊತ್ತಾ? ನಾನು ಸಾವಿರಾರು ಮನೆಗೆ ಹೋಗಿದೀನಿ ಸಾರ್ ಅಂದ್ಲು.”

ಹತ್ತೊಂಬತ್ತರಲ್ಲಿ ಮೊದಲ ಹದಿನೇಳು ವರ್ಷ ಅವರು ಯಾವ ಮಗುವನ್ನೂ ಎಬ್ಬಿಸಿರಲಿಲ್ಲ. ಆ ಮನೆಗಳ ಹಾಲ್‌ಗಳು, ಚಾಪೆಗಳು, ಹೊದಿಕೆಯೊಳಗಿನ ಆಕಾರಗಳು ಈಗ ಒಂದೊಂದಾಗಿ ನೆನಪಿಗೆ ಬರುತ್ತವೆ ಎನ್ನುತ್ತಾರೆ. “ಎಲ್ಲಾ ಮಕ್ಕಳೂ ಚೆನ್ನಾಗೇ ಇರ್ತಾರೆ ಸಾರ್, ನನಗೆ ಗೊತ್ತು. ಬುದ್ಧಿ ಹೇಳತ್ತೆ. ಆದ್ರೂ ಕೆಲವು ಮನೆಯವರು ಆಮೇಲೆ ನಮ್ಮನ್ನ ಕರೀಲೇ ಇಲ್ಲ. ಯಾಕೆ ಕರೀಲಿಲ್ಲ ಅಂತ ಯೋಚನೆ ಶುರುವಾದ್ರೆ ಮುಗಿಯಲ್ಲ.”

ಮತ್ತೆ ಇಂದಿನ ಬೆಳಗಿಗೆ ಬರೋಣ. ಗಿರಿರಾಜ್ ಹೊರಡಲು ಒಪ್ಪುತ್ತಿಲ್ಲ. ಹಟಮಾರಿಯಲ್ಲ, ಮಗಳ ಮೇಲೆ ಪ್ರೀತಿ ಇಲ್ಲದವರೂ ಅಲ್ಲ. ಹಿಂದಿನ ತಿಂಗಳು ಹೀಗೇ ಜ್ವರ ಬಂದಾಗ ಕರೆದುಕೊಂಡು ಹೋಗಿದ್ದರು. ನಾಲ್ಕು ಗಂಟೆ ಕೂರಿಸಿ, ಸಕ್ಕರೆ ಸರಿಯಿದೆ ಎಂದು ಕಳಿಸಿದ್ದರು. ಅಷ್ಟರಲ್ಲಿ ಮಗುವಿಗೆ ಮೂರು ಕಡೆ ಚುಚ್ಚಿದ್ದರು.

“ಆಗ ತೊಂಬತ್ತಿತ್ತು, ಈಗ ಎಂಬತ್ನಾಲ್ಕು. ಅದೇ ಅಲ್ವಾ ಮೇಡಂ? ಮಲಗಿರೋ ಮಗೂನ ಎತ್ಕೊಂಡು ಹೋಗಿ ಮತ್ತೆ ಚುಚ್ಚಿಸಿ ಅಳಿಸಿ... ಎಂಟು ಗಂಟೆವರೆಗೆ ನೋಡೋಣ. ಇನ್ನೊಂದು ಸಲ ಚೆಕ್ ಮಾಡಿ. ಇಳಿದಿದ್ರೆ ಹೋಗೋಣ.”

“ಇಳಿದ ಮೇಲೆ ಹೋದ್ರೆ ಲೇಟು ಸಾರ್.”

“ಮಿಷನ್ ಸುಳ್ಳು ಹೇಳತ್ತಾ?”

“ಇಲ್ಲ. ದಿನಾ ಬೆಳಗ್ಗೆ ಹದಿನೈದು ಮನೇಲಿ ಅದನ್ನ ನಂಬ್ತೀನಿ. ಈ ಮನೇಲಿ ನಂಬಲ್ಲ. ಇವಳಿಗೆ ಸಕ್ಕರೆ ಬೀಳೋದು ಕಡೇಲಿ. ಅದಕ್ಕೆ ಮುಂಚೆನೇ ಒಳಗೆ ಕೆಟ್ಟಿರತ್ತೆ. ಡಾಕ್ಟರು ಕಾಗದದಲ್ಲಿ ಬರೆದಿರೋದೂ ಅದೇ. ತಗೊಂಡು ಓದಿ.”

ಗಿರಿರಾಜ್ ಕಾಗದ ತೆಗೆಯುವುದಿಲ್ಲ. ರಕ್ಷಾ ಗಂಡನನ್ನೂ ಪುಟ್ಟಲಕ್ಷ್ಮಿಯನ್ನೂ ನೋಡುತ್ತ ನಿಂತಿದ್ದಾರೆ. ಮಗು ನಿದ್ದೆಯಲ್ಲಿ ಒಮ್ಮೆ ಒಣ ಓಕರಿಕೆ ಬಂದಂತೆ ಮೈ ಬಿಗಿಯುತ್ತದೆ. ಅಷ್ಟರವರೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಬಂದು ಹುಡುಗಿಯ ಮೇಲಿನ ರಗ್ಗನ್ನು ಎಳೆದುಹಾಕುತ್ತಾರೆ.

“ಮಂದಿ ಮಗು ಅಲ್ಲ ಇದು, ನಿಂದೇ. ಎತ್ತಿಕೋ,” ಎನ್ನುತ್ತಾರೆ ಮಗನಿಗೆ. “ಮಲಗ್ಲಿ ಬಿಡ್ರಿ ಅಂತ ಒಂದು ಸಲ ನಾ ಅಂದೀನಿ. ಎರಡನೇ ಸಲ ನೀ ಅನಬ್ಯಾಡ.”

ಐದು ಐವತ್ತೆರಡಕ್ಕೆ ಅವರ ಕಾರು ಹೊರಡುತ್ತದೆ. ಪುಟ್ಟಲಕ್ಷ್ಮಿಯ ಸ್ಕೂಟರ್ ಅದರ ಹಿಂದೆ. ಅಷ್ಟರಲ್ಲೇ ಅವರು ವಿಜಯನಗರದ ಒಬ್ಬ ನಿವೃತ್ತ ಅಧಿಕಾರಿಗೆ ಫೋನ್ ಮಾಡಿ ಮುಗಿಸಿರುತ್ತಾರೆ. ಇಂದಿನ ಮೊದಲ ಬುಕಿಂಗ್ ಅವರದು. “ಸಾರ್, ಇವತ್ತು ಆಗಲ್ಲ, ಕಾಫಿ ಕುಡಿದುಬಿಡಿ.” ಆ ಕಡೆಯ ಉತ್ತರ ಹೆಲ್ಮೆಟ್ಟಿನ ಹೊರಗೂ ಕೇಳಿಸುವಷ್ಟು ಜೋರಾಗಿದೆ. “ಬೈರಿ ಸಾರ್, ನಾಳೆ ಬಂದಾಗ ಪೂರ್ತಿ ಬೈರಿ,” ಎಂದು ಇಟ್ಟುಬಿಡುತ್ತಾರೆ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ರಾತ್ರಿ ಪಾಳಿಯ ಯುವ ವೈದ್ಯರು ಇನ್ನೂ ಇದ್ದಾರೆ. ಎಂಬತ್ತನಾಲ್ಕು ಎಂಬ ಅಂಕಿ ಕೇಳಿ ಅವರ ಮುಖದಲ್ಲೂ ಗಿರಿರಾಜ್ ಮುಖದಲ್ಲಿ ಕಂಡ ಸಮಾಧಾನವೇ ಕಾಣುತ್ತದೆ. ರಕ್ಷಾ ಕಾಗದ ಮುಂದೆ ಹಿಡಿಯುತ್ತಾರೆ. ಪ್ಲಾಸ್ಟಿಕ್ ಹೊದಿಸಿದ ಒಂದೇ ಪುಟ, ತಜ್ಞ ವೈದ್ಯರ ಸಹಿ. ಮಗು ವಾಂತಿ ಮಾಡುತ್ತಿದ್ದರೆ, ಮಂಕಾಗಿದ್ದರೆ, ಸಕ್ಕರೆ ಇಳಿಯುವುದನ್ನು ಕಾಯಬೇಡಿ, ಕೂಡಲೇ ಗ್ಲೂಕೋಸ್ ಡ್ರಿಪ್ ಹಾಕಿ ಎಂದಿದೆ. ಗ್ಲೂಕೋಸ್ ಹರಿಯತೊಡಗಿದರೆ ದೇಹ ಕೊಬ್ಬಿಗೆ ಕೈ ಹಾಕುವುದನ್ನೇ ನಿಲ್ಲಿಸುತ್ತದೆ. ಕತ್ತರಿಸಲಾಗದ ಸರ ಒಲೆಯ ಬಾಯಿಗೆ ಬರುವುದೇ ಇಲ್ಲ. ವೈದ್ಯರು ಕಾಗದವನ್ನು ಎರಡು ಸಲ ಓದುತ್ತಾರೆ. ಕೆಳಗಿದ್ದ ನಂಬರಿಗೆ ಫೋನ್ ಮಾಡುತ್ತಾರೆ. ಎರಡು ನಿಮಿಷದ ಮಾತು. ಇಟ್ಟವರೇ ಸಿಸ್ಟರ್‌ಗೆ ಡ್ರಿಪ್ ಸೆಟ್ ತರಲು ಹೇಳುತ್ತಾರೆ.

ಅಲ್ಲಿಂದ ಮುಂದಿನ ಹನ್ನೆರಡು ನಿಮಿಷ ಬಹಳ ಉದ್ದ. ರಾತ್ರಿಯ ವಾಂತಿಗೆ ಮಗುವಿನ ಮೈಯ ನೀರು ಆರಿದೆ, ನರ ಸಿಗುತ್ತಿಲ್ಲ. ಸಿಸ್ಟರ್ ಬಲಗೈಯಲ್ಲಿ ಒಮ್ಮೆ ಪ್ರಯತ್ನಿಸುತ್ತಾರೆ, ತಪ್ಪುತ್ತದೆ. ಮತ್ತೊಮ್ಮೆ, ಮತ್ತೆ ತಪ್ಪುತ್ತದೆ. ಸೂಜಿ ಚುಚ್ಚಿದರೂ ನಿಖಿತಾ ಅಳುವುದಿಲ್ಲ. ಅವಳು ಅಳದಿರುವುದನ್ನು ಕಂಡು ರಕ್ಷಾ ಗೋಡೆ ಹಿಡಿದುಕೊಳ್ಳುತ್ತಾರೆ. ಬೇರೆ ಲ್ಯಾಬಿನವರು ಇಲ್ಲಿ ರೋಗಿಯನ್ನು ಮುಟ್ಟುವಂತಿಲ್ಲ. ಪುಟ್ಟಲಕ್ಷ್ಮಿ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ. ಬೆರಳುಗಳು ಒಂದನ್ನೊಂದು ಹಿಂಡುತ್ತಿವೆ.

“ಎಡಗೈ ನೋಡಿ ಸಿಸ್ಟರ್,” ಎನ್ನುತ್ತಾರೆ ಕೊನೆಗೆ. “ಮಣಿಕಟ್ಟಿಂದ ಎರಡು ಬೆರಳು ಮೇಲೆ, ಹೆಬ್ಬೆರಳ ಕಡೆ. ಕಣ್ಣಿಗೆ ಕಾಣಲ್ಲ, ಮುಟ್ಟಿದ್ರೆ ಗೊತ್ತಾಗತ್ತೆ. ಅಲ್ಲಿ ಯಾವತ್ತೂ ಕೈ ಕೊಟ್ಟಿಲ್ಲ.”

ಸಿಸ್ಟರ್ ತಿರುಗಿ ನೋಡುತ್ತಾರೆ. “ನೀವು ಯಾರು?”

“ಎರಡು ವರ್ಷದಿಂದ ಇವಳ ರಕ್ತ ತೆಗೆಯೋಳು.”

ಸಿಸ್ಟರ್ ಎಡಗೈ ಎತ್ತಿ, ಕಣ್ಣು ಮುಚ್ಚಿದಂತೆ ಮಾಡಿ ಬೆರಳಿಂದ ತಡಕುತ್ತಾರೆ. ಸೂಜಿ ಒಳಹೋಗುತ್ತದೆ. ಸೂಜಿಯ ಹಿಂಬದಿಯ ಪುಟ್ಟ ಪಾರದರ್ಶಕ ಕೊಳವೆಯಲ್ಲಿ ರಕ್ತದ ಕೆಂಪು ಮೂಡುತ್ತದೆ. ಮೊದಲು ಪರೀಕ್ಷೆಗೆ ಒಂದಿಷ್ಟು ರಕ್ತ ತೆಗೆದು, ಆಮೇಲೆ ಡ್ರಿಪ್ ಜೋಡಿಸುತ್ತಾರೆ. ಗಡಿಯಾರದಲ್ಲಿ ಆರು ನಲವತ್ತೊಂದು. ಹನಿಗಳು ಬೀಳತೊಡಗುತ್ತವೆ.

ಡ್ರಿಪ್ ಹಾಕುವ ಮೊದಲು ತೆಗೆದ ಆ ರಕ್ತದ ವರದಿ ಏಳೂವರೆಗೆ ಬರುತ್ತದೆ. ಸಕ್ಕರೆ ನಲವತ್ತೊಂಬತ್ತು. ಮನೆಯಲ್ಲಿ ಎಂಬತ್ತನಾಲ್ಕು ಕಂಡಿದ್ದು ಅದಕ್ಕೆ ಒಂದು ಗಂಟೆ ಮೊದಲು. ಎಂಟರವರೆಗೆ ನೋಡೋಣ ಎಂದಿದ್ದ ತಂದೆ ಆ ಚೀಟಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಬೆಂಚಿನ ಮೇಲೆ ಕೂರುತ್ತಾರೆ. ಅಜ್ಜಿ ಪಕ್ಕದಲ್ಲಿ ಕೂತಿದ್ದಾರೆ.

ಒಂಬತ್ತು ಗಂಟೆಗೆ ನಿಖಿತಾ ಕಣ್ಣು ಬಿಟ್ಟು ಮೊದಲು ಕೇಳುವುದು ಇಂದು ಸ್ಕೂಲು ಇದೆಯಾ ಎಂದು. ಇಲ್ಲ ಎಂದಾಗ, ಕೈಗೆ ಕಟ್ಟಿದ ಪಟ್ಟಿಯನ್ನು ಪರೀಕ್ಷಿಸಿ, “ಈ ಆಂಟಿ ಸರಿಯಾಗಿ ಚುಚ್ಚಿಲ್ಲ, ಈ ಕೈಲಿ ಎರಡು ತೂತಿದೆ,” ಎಂದು ದೂರು ಕೊಡುತ್ತಾಳೆ. ಸಿಸ್ಟರ್ ನಗುತ್ತಾರೆ. ಇನ್ನೂ ಎರಡು ದಿನ ಇಲ್ಲೇ ಇರಬೇಕು. ಯಕೃತ್ತಿನ ಪರೀಕ್ಷೆಗಳಿವೆ, ಗಂಡಾಂತರ ಪೂರ್ತಿ ಕಳೆದಿಲ್ಲ ಎಂದು ವೈದ್ಯರು ಎಚ್ಚರಿಸುತ್ತಾರೆ. ಆದರೆ ಮಗು ಮಾತಾಡುತ್ತಿದೆ.

ಪುಟ್ಟಲಕ್ಷ್ಮಿ ಆಗಲೇ ಕೆಳಗೆ ಸ್ಕೂಟರಿನ ಬಳಿ ಇದ್ದಾರೆ. ಇಂದಿನ ಹದಿನಾಲ್ಕು ಮನೆಗಳಲ್ಲಿ ಒಂದೂ ಆಗಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ತಿಂಡಿ ತಿನ್ನಲು ಹೇಳುತ್ತಿದ್ದಾರೆ. ಲ್ಯಾಬಿನ ಬುಕಿಂಗ್ ಚೀಟಿಯಲ್ಲಿ ‘ಮಕ್ಕಳನ್ನು ಡಾಕ್ಟರನ್ನು ಕೇಳದೆ ಖಾಲಿ ಹೊಟ್ಟೆಯಲ್ಲಿ ಇಡಬೇಡಿ’ ಎಂಬ ಸಾಲು ಹಾಕಿಸಬೇಕೆಂದು ಎರಡು ವರ್ಷದಿಂದ ಕೇಳುತ್ತಿದ್ದಾರಂತೆ. ಹೊಸ ಚೀಟಿ ಅಚ್ಚು ಹಾಕಿಸುವಾಗ ಆಗಲಿ ಎಂದು ಪುರುಷೋತ್ತಮ ಒಪ್ಪಿದ್ದಾರೆ.

ಗಿರಿರಾಜ್ ಮೆಟ್ಟಿಲಿಳಿದು ಬರುತ್ತಾರೆ. “ನೀವು ಬರದೇ ಇದ್ದಿದ್ರೆ ಮೇಡಂ...” ಎಂದು ಶುರು ಮಾಡುತ್ತಾರೆ.

“ನನಗೆ ಫೋನ್ ಮಾಡಿದ್ದು ಎಷ್ಟೊತ್ತಿಗೆ ಸಾರ್?” ಎಂದು ಪುಟ್ಟಲಕ್ಷ್ಮಿ ಮಧ್ಯೆಯೇ ಕೇಳುತ್ತಾರೆ.

“ಐದೂ ಐದಕ್ಕೆ.”

“ನಾನು ಬಂದಿದ್ದು ಐದೂ ಮೂವತ್ತೈದಕ್ಕೆ. ಅರ್ಧ ಗಂಟೆ ನನ್ನ ಕಾಯ್ತಾ ಕೂತ್ರಿ. ಆಮೇಲೆ ನಾವಿಬ್ರೂ ನಿಂತು ಮಾತಾಡಿದ್ದು ಇನ್ನೊಂದು ಕಾಲು ಗಂಟೆ.” ಅವರ ದನಿಯಲ್ಲಿ ಬೈಗುಳವಿಲ್ಲ. ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾರೆ. “ಮುಂದಿನ ಸಲ ಜ್ವರ ಬಂದಾಗ ನನಗೆ ಫೋನ್ ಮಾಡಬೇಡಿ ಸಾರ್. ಮಗೂನ ಎತ್ಕೊಂಡು ನೇರ ಇಲ್ಲಿಗೇ ಬಂದುಬಿಡಿ. ಬಂದು ಡ್ರಿಪ್ ಹಾಕಿಸಿದ ಮೇಲೆ ಹೇಳಿ, ಸಾಕು. ನನ್ನ ಆಸೆ ಅಷ್ಟೇ.”